ರುಧಿರ ಬರುವವರೆಗೆ

ಕಿರುಹರವೆ ಗೇಟಿನ ಮಹದೇವಪ್ಪನವರು ಒಮ್ಮೆ ಮಾತು ಕೊಟ್ಟರೆ ಮುಗಿಯಿತು, ಆ ಮಾತಿನಿಂದ ಅವರನ್ನು ಬಿಡಿಸುವುದು ದೇವರಿಗೂ ಕಷ್ಟ. ಹಿಂದೊಮ್ಮೆ ಪಿರಿಯಾಪಟ್ಟಣದ ಒಬ್ಬರಿಗೆ ತಮ್ಮ ಹೋರಿ ಕೊಡುತ್ತೇನೆ ಎಂದು ಹೇಳಿದ್ದರು. ಆ ಮನುಷ್ಯ ತಿಂಗಳುಗಟ್ಟಲೆ ಇತ್ತ ತಲೆಹಾಕಲಿಲ್ಲ. ಬೇರೆಯವರಿಗೆ ಕೊಟ್ಟುಬಿಡಿ ಎಂದು ಮನೆಯವರು ಗೋಗರೆದರೂ ಇವರು ಆ ಹೋರಿಗೆ ಮೇವು ಹಾಕುತ್ತ, ಮೈ ತೊಳೆಯುತ್ತ, ಪರರ ಆಸ್ತಿ ಕಾಯುವವರ ಹಾಗೆ ಕಾದರು. ಕೊನೆಗೊಂದು ದಿನ ಆತ ಬಂದ. “ಅಯ್ಯೋ, ನಾನು ಆಗ್ಲೇ ಬೇರೆ ಹೋರಿ ತಕ್ಕಂಡೆ ಕಣಣ್ಣ” ಎಂದು ಹೇಳಿ, ಕಾಫಿ ಕುಡಿದು ಹೋದ. ಮಹದೇವಪ್ಪನವರಿಗೆ ಬೇಸರವಾಗಲಿಲ್ಲ. ತಮ್ಮ ಕಡೆಯಿಂದ ಮಾತು ತಪ್ಪಲಿಲ್ಲವಲ್ಲ ಎಂದು ಹೆಮ್ಮೆಪಟ್ಟರು.

ಇಂಥವರ ಮಗಳು ಪದ್ಮಶ್ರೀ. ಹುಣಸೂರಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಬಂದವಳು, ರಸ್ತೆ ಪಕ್ಕದಲ್ಲಿ ಮನೆಗೆ ಸೇರಿದ ಮುಕ್ಕಾಲು ಎಕರೆಗೆ ಹಸಿರು ನೆರಳುಬಲೆ ಕಟ್ಟಿ ಸಸಿ ಬೆಳೆಸಲು ಶುರುಮಾಡಿದಳು. ಆ ಸೀಮೆಯಲ್ಲಿ ಎಲ್ಲರೂ ಹೊಗೆಸೊಪ್ಪಿನವರು. ಸಸಿಯನ್ನು ತಮ್ಮ ತಮ್ಮ ಹೊಲದ ಮಡಿಯಲ್ಲೇ ಬೆಳೆಸಿಕೊಂಡು ಬಂದವರು. ಪ್ಲಾಸ್ಟಿಕ್ ಟ್ರೇಯ ಗುಳಿಯೊಳಗೆ ತೆಂಗಿನ ನಾರಿನ ಪುಡಿ ತುಂಬಿ ಒಂದೊಂದೇ ಬೀಜ ಇಡುವ ಹುಡುಗಿಯನ್ನು ನೋಡಿ, ಇವಳೇನು ಇಡ್ಲಿ ಬೇಯಿಸುತ್ತಾಳಾ ಎಂದು ನಕ್ಕರು. ಒಂದು ವರ್ಷ ಮಡಿಯ ಸಸಿಗಳೆಲ್ಲ ಕೊಳೆತುಹೋದಾಗ ನಕ್ಕವರೇ ಬಂದು ಸಾಲಿನಲ್ಲಿ ನಿಂತರು. ಆಮೇಲೆ ಮೆಣಸಿನಕಾಯಿ, ಟೊಮೆಟೊ, ಕೋಸು ಎಲ್ಲವೂ ಸೇರಿ ಎಚ್.ಡಿ. ಕೋಟೆ ಕಡೆಯಿಂದಲೂ ಜನ ಗೂಡ್ಸ್ ಆಟೋ ಮಾಡಿಕೊಂಡು ಬರತೊಡಗಿದರು. ಪದ್ಮಕ್ಕನ ಸಸಿ ಎಂದರೆ ಅದಕ್ಕೊಂದು ಹೆಸರಾಯಿತು. ಮದುವೆಯ ವಯಸ್ಸು ಮೀರುತ್ತಿದೆ ಎಂಬ ಮಾತೂ ಜೊತೆಜೊತೆಗೇ ಬೆಳೆಯಿತು.

ಸಂಬಂಧ ತಂದವರು ಜವರಯ್ಯ. ಹೆಣ್ಣುಗಂಡು ಕೂಡಿಸುವುದು ಅವರಿಗೆ ಕಸುಬಲ್ಲ, ಚಟ. ಸಾಲಿಗ್ರಾಮದ ಶಿವಬಸಪ್ಪನವರ ಮನೆ, ನಾಲೆ ನೀರಿನ ಗದ್ದೆ, ಅಕ್ಕಿ ಮಿಲ್ಲು, ಒಬ್ಬನೇ ಮಗ ಸಾಗರ್. ಹುಡುಗ ನೋಡಲು ಲಕ್ಷಣವಾಗಿದ್ದ. ಹುಡುಗಿ ನೋಡಲು ಬಂದ ದಿನ ಉಪ್ಪಿಟ್ಟು ಚೆನ್ನಾಗಿದೆ ಎಂದ, ಅಂಗಳದಲ್ಲಿ ನಿಂತಿದ್ದ ತನ್ನ ಹಳೆಯ ಕಾರಿನ ಕಡೆ ಹತ್ತಾರು ಸಲ ನೋಡಿದ. ಪದ್ಮಳಿಗೆ ಅವನಲ್ಲಿ ತೆಗೆದುಹಾಕುವಂಥದ್ದೇನೂ ಕಾಣಲಿಲ್ಲ. ನರ್ಸರಿ ನಡೆಸಿಕೊಂಡು ಹೋಗಬಹುದು ಎಂದು ಜವರಯ್ಯ ಹೇಳಿದ್ದರಿಂದ ಸುಮ್ಮನಾದಳು. ಜವರಯ್ಯ ಎಲ್ಲರಿಗೂ ಎಲ್ಲವನ್ನೂ ಹೇಳುತ್ತಾರೆ ಎಂಬುದು ಅವಳಿಗೆ ಆಗ ತಿಳಿದಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ವೀಳ್ಯ ಬದಲಾಯಿಸುವ ಶಾಸ್ತ್ರ. ಎರಡೂ ಕಡೆಯ ಹಿರಿಯರು ಜಮಖಾನದ ಮೇಲೆ ಕೂತಿದ್ದರು.

“ನಮಗೇನೂ ಬ್ಯಾಡಿ,” ಎಂದರು ಶಿವಬಸಪ್ಪ. “ವರದಕ್ಷಿಣೆ ಅನ್ನೋ ಪದಾನೇ ನಮ್ಮ ಮನೇಲಿ ಯಾರೂ ಆಡಕ್ಕಿಲ್ಲ.”

ಎಲ್ಲರೂ ಮೆಚ್ಚಿ ತಲೆದೂಗಿದರು. ಆ ಪದವನ್ನು ಆಡದೆ ಇದ್ದ ಶಿವಬಸಪ್ಪನವರ ಹೆಂಡತಿ ನಡುಮನೆಯ ಬಾಗಿಲಿನಿಂದಲೇ ಹೇಳಿದರು. “ಹುಡುಗನಿಗೆ ಓಡಾಡಕ್ಕೆ ಒಂದು ಕಾರು, ಅಷ್ಟೇಯ. ಅದ್ರಲ್ಲಿ ಕೂರೋಳೂ ನಿಮ್ಮ ಮಗಳೇ ಅಲ್ವಾ? ಇನ್ನು ಆ ಸಸಿ ಗಿಸಿ ಎಲ್ಲ ಸಾಕು ಮಾಡ್ಲಿ. ನಮ್ಮನೆ ಸೊಸೆ ಮಣ್ಣು ಕಲೆಸಿದ್ರೆ ನೋಡಿದೋರು ಏನಂತಾರೆ?”

ಪದ್ಮ ಜವರಯ್ಯನವರ ಕಡೆ ನೋಡಿದಳು. ಜವರಯ್ಯ ಸೂರಿನ ಕಡೆ ನೋಡಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳಪ್ಪ, ಒಳ್ಳೆಯ ಮನೆತನ ಸಿಕ್ಕ ಸಂತೋಷದಲ್ಲಿ, ವೀಳ್ಯದ ತಟ್ಟೆಯ ಮೇಲೆ ಕೈಯಿಟ್ಟು ಹೇಳಿಯೇಬಿಟ್ಟಿದ್ದರು.

“ಹುಡುಗ ಯಾವ ಕಾರಿನ ಹೆಸರು ಹೇಳ್ತಾರೋ ಆ ಕಾರು ಛತ್ರದ ಮುಂದೆ ನಿಂತಿರ್ತದೆ. ನಂದು ಮಾತು.”

ಎಲ್ಲರೂ ಹುಡುಗನ ಕಡೆ ತಿರುಗಿದರು. ಸಾಗರ್ ಗಂಟಲು ಸರಿಮಾಡಿಕೊಂಡ.

“ಅದಕ್ಕಿನ್ನೂ ಹೆಸರಿಟ್ಟಿಲ್ಲ,” ಎಂದ.

ಹೆಸರಿಡದ ಕೂಸು ಉಂಟು, ಹೆಸರಿಡದ ಕಾರೂ ಉಂಟೆಂದು ಅಲ್ಲಿದ್ದವರಾರಿಗೂ ಗೊತ್ತಿರಲಿಲ್ಲ. ಸಾಗರ್ ಉತ್ಸಾಹದಿಂದ ಬಿಡಿಸಿ ಹೇಳಿದ. ಜೆಲ್ಟಾ ಎಂಬ ಕಾರನ್ನು ಎಲ್ಲರೂ ನೋಡಿದ್ದೀರಿ. ಅದನ್ನೇ ಕಂಪನಿಯವರು ಈಗ ದೊಡ್ಡ ಇಂಜಿನ್ ಹಾಕಿ, ಬಾಣದ ಹಾಗೆ ಓಡುವಂತೆ ಮಾಡುತ್ತಿದ್ದಾರೆ. ಯಾರಿಗೂ ಗುರುತು ಸಿಗಬಾರದೆಂದು ಮೈತುಂಬ ಕಪ್ಪುಬಿಳಿ ಗೆರೆಯ ಹಾಳೆ ಅಂಟಿಸಿಕೊಂಡು ರಸ್ತೆಯಲ್ಲಿ ಓಡಿಸಿ ನೋಡುತ್ತಿದ್ದಾರೆ. ಜೆಲ್ಟಾ ಆರ್ ಎಂದು ಕೆಲವರ ಸುದ್ದಿ, ಜೆಲ್ಟಾ ಸ್ಪೋರ್ಟ್ ಎಂದು ಕೆಲವರ ಸುದ್ದಿ. ಹೆಸರು ಹೊರಗೆ ಬಂದ ದಿನವೇ ಬುಕ್ ಮಾಡುವುದು.

“ಹೆಸರು ಯಾವುದಾದ್ರೇನಪ್ಪ? ಅದೇ ಕಾರಲ್ವಾ?” ಎಂದರು ಒಬ್ಬ ಮುದುಕರು.

“ಅದೆಂಗಾಯ್ತದೆ ತಾತ! ಆರ್ ಅಂದ್ರೆ ಇಂಜಿನ್ನೇ ಬೇರೆ. ಸ್ಪೋರ್ಟ್ ಅಂದ್ರೆ ಬರೀ ಸ್ಟಿಕರು.”

ಮುದುಕರು ತಪ್ಪಾಯಿತು ಎನ್ನುವಂತೆ ಎಲೆಗೆ ಸುಣ್ಣ ಸವರಿಕೊಂಡರು. ವೀಳ್ಯ ಬದಲಾಯಿತು. ಹುಡುಗ ಹೆಸರು ಹೇಳಬೇಕು, ಹುಡುಗಿಯ ಅಪ್ಪ ಕಾರು ತರಬೇಕು, ಆಮೇಲೆ ಲಗ್ನಪತ್ರಿಕೆ.

ಮರುದಿನ ಮಹದೇವಪ್ಪ ಮಗಳ ಮುಖ ನೋಡದೆ ಹೇಳಿದರು. ಹುಣಸೂರಿನ ಪೆಟ್ರೋಲ್ ಬಂಕಿನ ಮೂರ್ತಿಗೆ ರಸ್ತೆ ಪಕ್ಕದ ಜಾಗ ಬೇಕಂತೆ. ಕಾರು ತೊಳೆಯುವ ಶೆಡ್ಡು ಹಾಕುತ್ತಾನಂತೆ. “ನೀನು ಹೋದ್ಮೇಲೆ ಅಲ್ಲಿ ನೀರು ಬುಡೋರಾದ್ರೂ ಯಾರವ್ವ?”

ಅಂದರೆ ಅವಳ ನರ್ಸರಿಯ ನೆಲ ಹೋಗಿ ಕಾರಾಗಬೇಕು, ಆ ನೆಲದ ಮೇಲೆ ಊರವರ ಕಾರು ಮೈ ತೊಳೆಯಬೇಕು. ಪದ್ಮ ಅಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ, ನನಗೆ ಈ ಮದುವೆ ಬೇಡ ಎಂದಳು. ತಾಯಿ ಸುನಂದಮ್ಮ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ನಂಗೊತ್ತು ಕಣವ್ವ. ಆದ್ರೆ ನಿಮ್ಮಪ್ಪ ಮಾತು ಕೊಟ್ಟಾಗದೆ. ಅವರ ಕಡೆಯಿಂದ ಮುರಿದ್ರೆ ಬುಡು, ಸಂತೋಸ. ನಮ್ಮ ಕಡೆಯಿಂದ ಮುರಿದ್ರೆ ಆ ಮನುಷ್ಯ ಊರಲ್ಲಿ ತಲೆ ಎತ್ಕಂಡು ಓಡಾಡಕ್ಕಿಲ್ಲ.”

ಹೋರಿಯ ಕಥೆ ಗೊತ್ತಿದ್ದ ಪದ್ಮಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ನಿಶ್ಚಯವಾದ ಗಂಡುಗಳು ಹುಡುಗಿಯರಿಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾರಂತೆ. ಸಾಗರ್ ಸೈಲೆನ್ಸರಿನ ಚಿತ್ರ ಕಳಿಸುತ್ತಿದ್ದ. ಅವನಿಗೊಂದು ವಾಟ್ಸಾಪ್ ಗುಂಪಿತ್ತು, ಮೈಸೂರು ಟರ್ಬೊ ಎಂದು ಅದರ ಹೆಸರು. ಹುಟ್ಟದ ಕಾರುಗಳ ಬಗ್ಗೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಜಗಳ. ಆ ಜಗಳವನ್ನು ಅವನು ಪದ್ಮಳಿಗೂ ಕಳಿಸುತ್ತಿದ್ದ. ಅವಳು ಹೆಬ್ಬೆರಳಿನ ಗುರುತು ಒತ್ತಿ ಸಸಿಗೆ ನೀರು ಹಾಯಿಸಲು ಹೋಗುತ್ತಿದ್ದಳು.

ಯುಗಾದಿ ಹೊತ್ತಿಗೆ ಅವನ ಸಂದೇಶ ಬಂತು. ಜೆಲ್ಟಾ ಆರ್ ಎಂಬುದೇ ಖಾತ್ರಿಯಂತೆ. ಅಕ್ಷಯ ತದಿಗೆಗೆ ಬಿಡುಗಡೆಯಂತೆ. ‘ನಾನು ಅದನ್ನೇ ಹೇಳ್ತೀನಿ. ಮದುವೆ ಜ್ಯೇಷ್ಠದಲ್ಲಿ’ ಎಂದು ಬರೆದು ಕೊನೆಗೆ ಒಂದು ಕಾರಿನ ಚಿತ್ರ, ಒಂದು ಹೃದಯದ ಚಿತ್ರ ಹಾಕಿದ್ದ. ಹೃದಯ ಕಾರಿಗೋ ತನಗೋ ಎಂದು ಅವಳಿಗೆ ತಿಳಿಯಲಿಲ್ಲ.

ಆಗ ಅವಳ ಎಡಗೈಯಲ್ಲಿ ಆಗತಾನೆ ಕತ್ತರಿಸಿದ ಮೆಣಸಿನ ಬೀಜದ ಪೊಟ್ಟಣವಿತ್ತು. ಕೆಂಪು ಕಾಗದದ ಮೇಲೆ ಬೆಂಕಿ ಉಗುಳುವಂಥ ಅಕ್ಷರದಲ್ಲಿ ರುಧಿರ ಎಂದು ಬರೆದಿತ್ತು. ಬೀಜದ ಕಂಪನಿಯವರಿಗೂ ಈ ಹುಚ್ಚಿದೆ. ತಿನ್ನುವ ಕೋಸಿಗೆ ಮೇಘರಾಜ ಎನ್ನುತ್ತಾರೆ, ಕಲ್ಲಂಗಡಿಗೆ ನಿಶಾಚರ ಎನ್ನುತ್ತಾರೆ. ಪದ್ಮ ಪೊಟ್ಟಣ ನೋಡಿದಳು, ಮೊಬೈಲು ನೋಡಿದಳು. ಯೋಚಿಸಿದ್ದರೆ ಬಹುಶಃ ಬರೆಯುತ್ತಿರಲಿಲ್ಲ.

‘ಆರ್ ತಗೋಬೇಡಿ. ಅದಕ್ಕಿಂತ ಮೇಲಿನದೊಂದು ಬರುತ್ತಂತೆ. ಹೆಸರು ರುಧಿರ ಅಂತೆ. ನಮ್ಮಲ್ಲಿ ಸಸಿ ಒಯ್ಯೋರೊಬ್ಬರ ತಮ್ಮ ಆ ಕಂಪನೀಲಿದ್ದಾನೆ. ಯಾರು ಅಂತ ಕೇಳಬೇಡಿ, ಅವರ ಕೆಲಸ ಹೋಗುತ್ತೆ.’

ಅವನು ನಿಶ್ಚಯವಾದ ಮೇಲೆ ಮೊದಲ ಸಲ ಅವಳಿಗೆ ಫೋನ್ ಮಾಡಿದ. ಉಸಿರು ಬಿಗಿಹಿಡಿದಿದ್ದ. “ರುಧಿರ,” ಎಂದ. ಮತ್ತೆ, “ರುಧಿರ,” ಎಂದ. “ಪದ್ಮ, ಇದು ಬೇರೆ ಲೆವೆಲ್ಲು ಕಣೇ.”

ವಾರದೊಳಗೆ ಆ ಕಾರಿಗೆ ಮೈಕೈ ತುಂಬಿತು. ಪದ್ಮ ಕೊಟ್ಟದ್ದು ಹೆಸರು ಮಾತ್ರ. ಇಂಜಿನ್ ಎಷ್ಟು ದೊಡ್ಡದು, ಸೊನ್ನೆಯಿಂದ ನೂರು ಮುಟ್ಟಲು ಎಷ್ಟು ಹೊತ್ತು, ಮೇಲಿನ ಚಾವಣಿ ತೆರೆಯುತ್ತದೋ ಇಲ್ಲವೋ, ಎಲ್ಲವನ್ನೂ ಮೈಸೂರು ಟರ್ಬೊದವರೇ ಪ್ರೀತಿಯಿಂದ ಸೇರಿಸಿದರು. ಯಾರೋ ಒಬ್ಬ ಅದನ್ನು ಬಿಳಿಕೆರೆ ಹತ್ತಿರ ಕಣ್ಣಾರೆ ಕಂಡೆನೆಂದೂ ಹೇಳಿದ. ಎಚ್.ಡಿ. ಕೋಟೆಯ ಶಶಿ ಎಂಬ ಗಿರಾಕಿ ಕೋಸಿನ ಸಸಿ ಏರಿಸಿಕೊಳ್ಳುತ್ತ ಪದ್ಮಳಿಗೇ ಗುಟ್ಟಾಗಿ ಹೇಳಿದ. “ಅಕ್ಕ, ರುಧಿರ ಅಂತ ಒಂದು ಕಾರು ಬತ್ತಾ ಅದೆ. ಪಕ್ಕಾ ಸುದ್ದಿ. ಯಾರಿಗೂ ಹೇಳ್ಬ್ಯಾಡಿ.” ಅವಳು ಹೇಳುವುದಿಲ್ಲ ಎಂದು ಮಾತು ಕೊಟ್ಟಳು.

ಅಕ್ಷಯ ತದಿಗೆಗೆ ಜೆಲ್ಟಾ ಆರ್ ನಿಜವಾಗಿಯೂ ಬಂತು. ಕೆಂಪು ಬಣ್ಣ, ಅಗಲ ಚಕ್ರ, ಮೈಸೂರಿನ ಶೋರೂಮಿನ ಗಾಜಿನೊಳಗೆ ನಿಂತಿತು. ಮಹದೇವಪ್ಪ ಪೆಟ್ಟಿಗೆಯಿಂದ ಜಾಗದ ಪತ್ರ ತೆಗೆದಿಟ್ಟುಕೊಂಡು ಕಾದರು. ಸಾಗರ್ ಮಾತ್ರ ಮೂಗು ಮುರಿದ. ರುಧಿರ ಬರುತ್ತಿರುವಾಗ ಆರ್ ಯಾರು ತಗೊಳ್ಳುತ್ತಾರೆ? ಶಿವಬಸಪ್ಪ ರೇಗಾಡಿದರು. ಇರುವ ಕಾರು ಬಿಟ್ಟು ಇಲ್ಲದ ಕಾರು ಕೇಳುತ್ತೀಯಲ್ಲೋ ಎಂದರು. ಆದರೆ ಹೆಸರು ಹೇಳುವ ಅಧಿಕಾರ ಹುಡುಗನದು ಎಂದು ವೀಳ್ಯದ ತಟ್ಟೆಯ ಮುಂದೆ ತೀರ್ಮಾನವಾಗಿತ್ತು. ಅವರೂ ಮರ್ಯಾದಸ್ಥರು.

ಆಷಾಢ ಬಂತು. ಗೌರಿ ಹಬ್ಬ ಬಂತು. ಜವರಯ್ಯ ಸಾಲಿಗ್ರಾಮಕ್ಕೂ ಕಿರುಹರವೆಗೂ ಬಸ್ಸು ಹತ್ತಿ ಇಳಿದು ಸವೆದುಹೋದರು. ಬರಬರುತ್ತ ಅವರ ಭಾಷೆಯೇ ಕೆಟ್ಟಿತು. ಇನ್ನೊಂದು ಮನೆಯಲ್ಲಿ ಗಂಡಿನ ಗುಣ ಹೇಳುವಾಗ, “ಹುಡುಗ ಟರ್ಬೊ ಕಣ್ರೀ” ಎಂದರಂತೆ. ಪ್ರತಿ ಹಬ್ಬದ ಮುಂಚೆಯೂ ಪದ್ಮ ಒಂದು ಸಣ್ಣ ಸುದ್ದಿ ಬಿಡುತ್ತಿದ್ದಳು. ಹೆಸರಿನ ಮುಂದೆ ಒಂದು ಅಂಕಿ ಸೇರಿಸುತ್ತಾರಂತೆ, ಅದು ಏಳೋ ಒಂಬತ್ತೋ ಎಂಬ ತಕರಾರಿನಲ್ಲಿ ತಡವಾಗಿದೆಯಂತೆ. ಜ್ಯೋತಿಷಿಯನ್ನು ಕೇಳುತ್ತಿದ್ದಾರಂತೆ. ಈ ಕೊನೆಯದು ಅತಿಯಾಯಿತೇನೋ ಎಂದು ಅವಳೇ ಅಳುಕಿದಳು. ಗುಂಪಿನಲ್ಲಿ ಅದನ್ನು ಎಲ್ಲಕ್ಕಿಂತ ಬೇಗ ನಂಬಿದರು.

ಇದರಲ್ಲಿ ಅವಳಿಗೆ ಸುಖವೂ ಇತ್ತು, ಸುಳ್ಳು ಯಾಕೆ. ಸಾಗರ್ ಈಗ ದಿನಾ ಫೋನ್ ಮಾಡುತ್ತಿದ್ದ. ಅವಳು ಹೇಳುವ ಮುಂದಿನ ಮಾತಿಗಾಗಿ ಕಿವಿ ನಿಮಿರಿಸಿ ಕಾಯುತ್ತಿದ್ದ. ಕೆಟ್ಟವನಲ್ಲ, ನಗಿಸಿದರೆ ಮಗುವಿನ ಹಾಗೆ ನಗುತ್ತಿದ್ದ. ಆದರೆ ಅಷ್ಟು ತಿಂಗಳಲ್ಲಿ ನಿನ್ನ ನೆರಳುಬಲೆಯ ಕೆಳಗೆ ಏನು ಬೆಳೆಯುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಅವಳು ಏನು ಮಾಡುತ್ತಿದ್ದಳೋ.

ಅವಳಿಗೆ ಹೆಚ್ಚು ನೋವಾದದ್ದು ಅಪ್ಪನ ವಿಷಯದಲ್ಲಿ. ದಸರೆಯ ಆಸುಪಾಸಿನಲ್ಲಿ ಶಿವಬಸಪ್ಪನವರೂ ಜವರಯ್ಯನವರೂ ಮನೆಗೆ ಬಂದಿದ್ದರು. ನರ್ಸರಿ ಹೇಗಿದೆ ನೋಡೋಣ ಎಂದು ಶಿವಬಸಪ್ಪ ತಾವಾಗಿಯೇ ಎದ್ದರು. ಮಹದೇವಪ್ಪ ಅಡ್ಡ ನಿಂತುಬಿಟ್ಟರು. “ಬ್ಯಾಡಿ ಬೀಗ್ರೇ, ಔಷಧಿ ಹೊಡೆದಿದೀವಿ, ನಾತ. ಇಲ್ಲೇ ಕೂತ್ಕಳಿ.” ಆ ದಿನ ಔಷಧಿ ಹೊಡೆದೇ ಇರಲಿಲ್ಲ. ಪದ್ಮ ಕೈಯಲ್ಲಿದ್ದ ಟ್ರೇ ಹಿಡಿದು ನಿಂತಲ್ಲೇ ನಿಂತಳು. ಮಗಳು ಮಣ್ಣಲ್ಲಿ ಕೈಯಾಡಿಸುವುದನ್ನು ಬೀಗರಿಗೆ ತೋರಿಸಲು ಅಪ್ಪನಿಗೆ ನಾಚಿಕೆ ಎಂದುಕೊಂಡಳು. ಅಂದು ಊಟ ಸೇರಲಿಲ್ಲ. ಸುನಂದಮ್ಮ ಎಷ್ಟು ಕೇಳಿದರೂ ಹೇಳಲಿಲ್ಲ.

ಸಾಲದ್ದಕ್ಕೆ ಮಹದೇವಪ್ಪನವರಿಗೆ ಇಳಿವಯಸ್ಸಿನಲ್ಲಿ ಸ್ವಚ್ಛತೆಯ ಖಯಾಲಿ ಹತ್ತಿತ್ತು. ಉಟ್ಟ ಪಂಚೆಯನ್ನು ಬಿಟ್ಟಲ್ಲೇ ಬಿಡುವ ಆಸಾಮಿ ಈಗ ಬೆಳಿಗ್ಗೆ ಎದ್ದು ನರ್ಸರಿಗೆ ಬಂದು, ಬಿದ್ದಿದ್ದ ಕಸಕಡ್ಡಿ, ಖಾಲಿ ಪೊಟ್ಟಣ ಎಲ್ಲ ಆಯ್ದುಕೊಂಡು ಹೋಗಿ ಹಂಡೆ ಒಲೆಗೆ ಹಾಕುತ್ತಿದ್ದರು. ಬಲೆಯ ಒಳಗಿನದನ್ನೆಲ್ಲ ಚೊಕ್ಕ ಮಾಡಿ ಮೂರ್ತಿಗೆ ಒಪ್ಪಿಸಲು ತಯಾರಿ ನಡೆಸಿದ್ದಾರೆ ಎಂದು ಪದ್ಮಳಿಗೆ ಸಿಟ್ಟು ಬರುತ್ತಿತ್ತು. ಅಪ್ಪ ಮಗಳ ನಡುವೆ ಮಾತು ಕಡಿಮೆಯಾಯಿತು. ಸುಳ್ಳು ಹೇಳುವವರಿಗೆ ಇನ್ನೊಬ್ಬರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ಎಲ್ಲಿಂದ ಬರುತ್ತದೋ, ಅವಳಿಗೆ ಧಾರಾಳವಾಗಿ ಬಂದಿತ್ತು.

ಮತ್ತೆ ಸಂಕ್ರಾಂತಿ ಕಳೆಯಿತು. ಒಂದು ಮಧ್ಯಾಹ್ನ ಸಾಗರ್ ಹೇಳದೆ ಕೇಳದೆ ನರ್ಸರಿಗೆ ಬಂದ. ಕಾರಿನಲ್ಲಲ್ಲ, ಮಿಲ್ಲಿನ ಹಳೆಯ ಬೈಕಿನಲ್ಲಿ. ಬಾಗಿ ಬಲೆಯೊಳಗೆ ನುಸುಳಿ, ಮೆಣಸಿನ ಟ್ರೇಗಳ ನಡುವೆ ನಿಂತು ಬೆವರು ಒರೆಸಿಕೊಂಡ.

“ಪದ್ಮ, ಕಾರಿಗೋಸ್ಕರ ಮದುವೆ ನಿಲ್ಲಿಸೋದು ಸಾಕು,” ಎಂದ. “ನಾನು ಅಪ್ಪನ ಹತ್ರ ಜಗಳ ಆಡ್ದೆ. ಮೊದ್ಲು ಮದುವೆ ಆಗೋಣ. ನನ್ನ ಜೊತೆ ಇಷ್ಟು ಮಾತಾಡಿರೋಳು ನೀನೊಬ್ಳೇ ಕಣೇ. ರುಧಿರ ಬಂದಾಗ ಬರ್ಲಿ.”

ಇಷ್ಟು ಒಳ್ಳೆಯ ಮಾತು ಅವನ ಬಾಯಲ್ಲಿ ಇದ್ದೀತು ಎಂದು ಅವಳು ಲೆಕ್ಕ ಹಾಕಿರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಆದರಾಗಲಿ ಎಂದುಕೊಂಡಳು.

“ನಿಮ್ಮಪ್ಪ ಹೆಂಗೂ ಈ ಜಾಗ ಮಾರ್ತಾರಲ್ಲ,” ಸಾಗರ್ ಮುಂದುವರಿಸಿದ. “ಈಗ್ಲೇ ಮಾರಿ ದುಡ್ಡು ಬ್ಯಾಂಕಲ್ಲಿ ಇಟ್ಬುಡ್ಲಿ. ಮೂರ್ತಿಯವರ ಹತ್ರ ನಾನೇ ಮಾತಾಡಿ ಬಂದೆ, ಗುರುವಾರ ಬಂದು ಅಡ್ವಾನ್ಸ್ ಕೊಡ್ತಾರೆ. ರುಧಿರ ಬಂದ ದಿನ ನಾವಿಬ್ರೂ ಒಟ್ಟಿಗೆ ಹೋಗಿ ತರಾಣ. ಎಂಗೆ?”

ಅವನ ಮುಖದಲ್ಲಿ ಒಂದು ಚೂರೂ ಕಪಟವಿರಲಿಲ್ಲ. ಅವಳ ಸುತ್ತಲಿನ ನೆಲವನ್ನು ಅವಳಿಗೇ ಉಡುಗೊರೆಯಾಗಿ ಕೊಡುತ್ತಿರುವವನ ಹಾಗೆ ಕೈಬೀಸಿ ತೋರಿಸಿದ. ಆ ಕೈ ಹೋಗಿ ಒಂದು ಟ್ರೇಗೆ ತಗುಲಿತು. ಟ್ರೇಯಲ್ಲಿ ನೆಟ್ಟಿದ್ದ ಗುರುತಿನ ಕಡ್ಡಿ ಬಿತ್ತು. ಅವನು ಅದನ್ನು ಎತ್ತಿ, ನೋಡದೆ, ಮತ್ತೆ ಮಣ್ಣಿಗೆ ಚುಚ್ಚಿದ.

“ಅದರಲ್ಲಿ ಏನು ಬರೆದದೆ ಓದಿ,” ಎಂದಳು ಪದ್ಮ.

ಅವನು ಓದಿದ. ಪಕ್ಕದ ಟ್ರೇಯ ಕಡ್ಡಿ ಓದಿದ. ಅದರ ಪಕ್ಕದ್ದು ಓದಿದ. ಸಾಲುಪೂರ್ತಿ ರುಧಿರ, ರುಧಿರ, ರುಧಿರ. ಎರಡೆರಡೇ ಎಲೆಯ ಎಳೆಯ ಮೆಣಸಿನ ಸಸಿಗಳು.

“ಇದೇನಿದು, ಕಂಪನಿಯವರು ಮೆಣಸಿನಕಾಯಿ ಹೆಸರು ಇಟ್ಟವ್ರಾ?”

“ಕಂಪನಿಯವರು ಏನೂ ಇಟ್ಟಿಲ್ಲ. ಅಂಥ ಕಾರೇ ಇಲ್ಲ. ನಾನು ಕಟ್ಟಿ ಹೇಳ್ದೆ.”

“ಇಲ್ವಾ?”

“ಇಲ್ಲ.”

“ಏಳೋ ಒಂಬತ್ತೋ ಅಂತಿದ್ದದ್ದು?”

“ಅದೂ ನಾನೇ.”

“ಚಾವಣಿ ತೆರೆಯೋದು?”

“ಅದು ನೀವೇ ಸೇರಿಸಿದ್ದು.”

ಸಾಗರ್ ಗೊಬ್ಬರದ ಚೀಲದ ಮೇಲೆ ಕೂತ. ಬೈಗುಳಕ್ಕೆ ಸಿದ್ಧಳಾಗಿದ್ದ ಪದ್ಮಳಿಗೆ ಅವನ ಕಣ್ಣಲ್ಲಿ ನೀರು ಕಂಡಿತು. ಯಾರದೋ ಸಾವಿನ ಸುದ್ದಿ ತನ್ನ ಬಾಯಿಂದಲೇ ಹೇಳಿದ ಹಾಗಿತ್ತು. ತಪ್ಪು ಮಾಡಿದೆ ಎಂದು ಅವಳಿಗೆ ಆಗ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಜಾಗ ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದೂ ನಿಜವೇ ಆಗಿತ್ತು.

“ನನಗೆ ಈ ನೆಲ ಬಿಟ್ಟು ಬರಕ್ಕೆ ಆಗಕ್ಕಿಲ್ಲ,” ಎಂದಳು. “ಅದನ್ನ ಆವತ್ತೇ ಹೇಳ್ಬೇಕಿತ್ತು. ಅಪ್ಪನ ಮಾತು ಅಡ್ಡ ಬಂತು. ಬೈಯೋದಾದ್ರೆ ಬೈಯ್ರಿ.”

ಅವನಿಗೆ ಅದು ಕೇಳಿಸಿತೋ ಇಲ್ಲವೋ. “ಇದನ್ನ ಯಾರಿಗೂ ಹೇಳ್ಬೇಡಿ,” ಎಂದ. ವರ್ಷಪೂರ್ತಿ ಕಣೇ ಎನ್ನುತ್ತಿದ್ದವನು ಬಹುವಚನಕ್ಕೆ ಬಂದಿದ್ದ. “ರುಧಿರದ ಸುದ್ದಿ ತಂದೋನು ಅಂತಲೇ ನನ್ನನ್ನ ಗ್ರೂಪಿಗೆ ಅಡ್ಮಿನ್ ಮಾಡವ್ರೆ. ಮೆಣಸಿನಕಾಯಿ ಅಂತ ಗೊತ್ತಾದ್ರೆ ನಾನು ಮೈಸೂರಿಗೆ ಕಾಲಿಡೋ ಹಂಗಿಲ್ಲ.”

“ಹೇಳಕ್ಕಿಲ್ಲ.”

“ಈ ಮದುವೆ ವಿಷಯ ನಾನೇ ಮುಗಿಸ್ತೀನಿ. ನಿಮ್ಮನ್ನ ದಿನಾ ಮನೇಲಿ ನೋಡ್ತಾ ಇದ್ರೆ ನಂಗೆ ಆ ಕಾರೇ ನೆನಪಾಗುತ್ತೆ.”

ಎದ್ದು ಹೋದ. ಬೈಕು ಒಂದೇ ಒದೆತಕ್ಕೆ ಶುರುವಾಗಲಿಲ್ಲ. ಅವನು ಒದೆಯುತ್ತಲೇ ಇದ್ದ ಸದ್ದನ್ನು ಪದ್ಮ ಬಲೆಯೊಳಗೇ ನಿಂತು ಕೇಳಿದಳು.

ಗುರುವಾರಕ್ಕೆ ಮುಂಚೆಯೇ ಕೆ.ಆರ್. ನಗರದ ಒಂದು ಹೋಟೆಲಿನಲ್ಲಿ ಎರಡೂ ಕಡೆಯ ಹಿರಿಯರು ಸೇರಿದರು. ಯಾರ ಊರೂ ಅಲ್ಲದ ಜಾಗ, ಮೇಲಾಗಿ ಅಲ್ಲಿ ದೋಸೆ ಚೆನ್ನಾಗಿರುತ್ತದೆ. ಸಾಗರ್ ತಲೆತಗ್ಗಿಸಿ ಎರಡೇ ಮಾತು ಹೇಳಿದ. ಆ ಕಾರು ಬರುವುದಿಲ್ಲವಂತೆ, ಕಂಪನಿಯವರು ಕೈಬಿಟ್ಟರಂತೆ. ಬೇರೆ ಕಾರಿನ ಹೆಸರು ತಾನು ಹೇಳಲಾರೆ. ಹೆಸರು ಹೇಳದ ಮೇಲೆ ಕಾರಿಲ್ಲ, ಕಾರಿಲ್ಲದೆ ಲಗ್ನಪತ್ರಿಕೆ ಇಲ್ಲ. ಹಿರಿಯರು ದೋಸೆ ತಿಂದು, ಕಾಫಿ ಕುಡಿದು, ಹಿಂದೆಮುಂದೆ ಅಳೆದು ನೋಡಿದರು. ಹುಡುಗಿಯ ಅಪ್ಪ ಕೊಡಲು ಸಿದ್ಧವಿದ್ದ, ಮಾತು ತಪ್ಪಲಿಲ್ಲ. ಹುಡುಗ ಒಂದೇ ಹೆಸರಿಗೆ ನಿಂತ, ಅವನೂ ತಪ್ಪಲಿಲ್ಲ. ತಪ್ಪಿದ್ದು ಕಾರಿನ ಕಂಪನಿ. ಎಷ್ಟು ಸಂಸಾರ ಹಾಳು ಮಾಡುತ್ತವೋ ಈ ಕಂಪನಿಗಳು ಎಂದು ಎಲೆಗೆ ಸುಣ್ಣ ಸವರುವ ಮುದುಕರು ಮರುಗಿದರು. ಒಂದು ಹೆಸರಿಡಲು ಯೋಗ್ಯತೆಯಿಲ್ಲದವರು ಕಾರು ಯಾಕೆ ಮಾಡಬೇಕು ಎಂದು ಶಿವಬಸಪ್ಪ ಗುಡುಗಿದರು. ಬೀಗರಾಗದ ಬೀಗರು ಪರಸ್ಪರ ಕೈಮುಗಿದು, ವೀಳ್ಯ ಹಿಂದಿರುಗಿಸಿಕೊಂಡು, ಮೊದಲಿಗಿಂತ ಹೆಚ್ಚು ಗೌರವದಿಂದ ಬೇರೆಯಾದರು. ಏನೂ ತಿಳಿಯದೆ ಕೈಕಟ್ಟಿ ಕೂತಿದ್ದ ಕಂಪನಿಯ ಮೇಲೆ ಮಾತ್ರ ಆ ದಿನ ಮೂರು ತಾಲ್ಲೂಕಿನ ಶಾಪ ಬಿತ್ತು.

ಒಂದು ವಾರ ಕಳೆದಿರಬೇಕು. ಪದ್ಮಳ ಮೊಬೈಲಿಗೆ ಸಾಗರನ ಸಂದೇಶ ಬಂತು. ‘ಗ್ರೂಪಲ್ಲಿ ಎಲ್ಲರೂ ಕೇಳ್ತಾವ್ರೆ. ಮುಂದಿನದು ಯಾವುದು? ಒಂದು ಹೆಸರು ಹೇಳಿ, ಪ್ಲೀಸ್.’ ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣು ತುಂಬಿತು. ಸುಳ್ಳೆಂದು ಗೊತ್ತಿದ್ದೂ ಅವನಿಗೆ ಅವಳಿಂದ ಬೇಕಾದದ್ದು ಅದೊಂದೇ. ಆದರೆ ಅವಳ ಮುಂದಿನ ಮಾತು ಏನೆಂದು ಅಷ್ಟು ಆಸೆಯಿಂದ ಕಾದವರು ಬೇರೆ ಯಾರೂ ಇರಲಿಲ್ಲ ಎಂಬುದೂ ಸತ್ಯ. ಉತ್ತರ ಬರೆಯದೆ ಮೊಬೈಲು ಸೊಂಟಕ್ಕೆ ಸಿಕ್ಕಿಸಿದಳು.

ಆ ಹೊತ್ತಿಗೆ ಬಲೆಯ ಆಚೆ ಗುಂಡಿ ತೋಡುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮಹದೇವಪ್ಪ. ಪಕ್ಕದಲ್ಲಿ ಕಲ್ಲುಕಂಬಗಳ ರಾಶಿ. ಬಿದಿರಿನ ಗಳುಗಳನ್ನು ಕಿತ್ತು ಒಂದೊಂದಾಗಿ ಕಲ್ಲುಕಂಬ ನಿಲ್ಲಿಸುತ್ತಿದ್ದರು. ಕಲ್ಲುಕಂಬ ನೆಡುವುದು ನೆಲ ಮಾರುವವರ ಕೆಲಸವಲ್ಲ.

“ಏನಪ್ಪ ಇದು?”

“ಗಾಳಿಗೆ ಬಿದಿರು ತಡೆಯಕ್ಕಿಲ್ಲ ಕಣವ್ವ. ಮೂರ್ತಿಗೆ ಜಾಗ ಇಲ್ಲ ಅಂದೆ. ಅವನಿಗೆ ನಾನೇನೂ ಮಾತು ಕೊಟ್ಟಿರಲಿಲ್ವಲ್ಲ.”

ಕಿತ್ತು ಹಾಕಿದ್ದ ಗಳು ಎತ್ತಿಡಲು ಅವಳು ಬಗ್ಗಿದಾಗ, ತಡೆದುಕೊಂಡಿದ್ದ ಮಾತು ತಾನಾಗಿ ಹೊರಬಂತು. “ಬೀಗ್ರು ಬಂದಾಗ ಇಲ್ಲಿಗೆ ಕರ್ಕಂಡು ಬರಕ್ಕೆ ನಾಚಿಕೆಪಟ್ರಲ್ಲ ನೀವು.”

ಮಹದೇವಪ್ಪ ಮುಖದ ಬೆವರು ಒರೆಸಿಕೊಂಡರು. ಮಗಳ ಕಡೆ ನೋಡಿದರು. ನಾಚಿಕೆ ಎಂಬ ಮಾತು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಶಿವಬಸಪ್ಪಂಗೆ ಕನ್ನಡಕ ಇಲ್ದೇನೇ ದೂರದ್ದು ಚೆನ್ನಾಗಿ ಕಾಣ್ತದೆ,” ಎಂದರು. “ಅಷ್ಟೂ ಕಡ್ಡಿ ಮೇಲೆ ರುಧಿರ ಅಂತ ಬರೆದಿಟ್ಟಿದ್ದೀಯಲ್ಲವ್ವ. ಒಂದಾದ್ರೂ ತಿರುಗಿಸಿ ಚುಚ್ಚಬಾರದಾ?”

ಪದ್ಮಳಿಗೆ ಹಂಡೆ ಒಲೆ ನೆನಪಾಯಿತು. ಬೆಳಿಗ್ಗೆ ಎದ್ದು ಬಾಗಿ ಬಾಗಿ ಕೆಂಪು ಪೊಟ್ಟಣ ಆಯುತ್ತಿದ್ದ ಆ ಬೆನ್ನು ನೆನಪಾಯಿತು. ತಾವಾಗಿ ಮಾತು ಮುರಿಯಲಾರದ ಆ ಮನುಷ್ಯ, ಮಗಳು ಮುರಿಯುವುದನ್ನು ವರ್ಷವಿಡೀ ಉಸಿರೆತ್ತದೆ ಕಾವಲು ಕಾದಿದ್ದರು. ಅವಳು ಅಪ್ಪನ ಕೈಯಿಂದ ಹಾರೆ ತೆಗೆದುಕೊಂಡಳು.

ಮಹದೇವಪ್ಪ ಕಲ್ಲುಕಂಬದ ಮೇಲೆ ಕೂತು ಬೀಡಿ ಹಚ್ಚಿದರು. ಪಕ್ಕದಲ್ಲಿ ಆಗತಾನೆ ಬಂದ ಬೀಜದ ಪೆಟ್ಟಿಗೆಯಿತ್ತು. ಅದರಿಂದ ಒಂದು ಕಲ್ಲಂಗಡಿ ಪೊಟ್ಟಣ ತೆಗೆದು, ಕಣ್ಣಿನಿಂದ ದೂರ ಹಿಡಿದು, ಅಕ್ಷರ ಕೂಡಿಸಿ ಕೂಡಿಸಿ ಓದಿದರು.

“ನಿ-ಶಾ-ಚ-ರ,” ಎಂದರು. “ಈ ಕಾರು ಯಾವಾಗ ಬತ್ತದವ್ವ?”